ರೂಸ್‌ವೆಲ್ಟ್ ಮಾತಿನ ಹಿಂದಿದ್ದ ಲೇಖನಿ: ಸ್ಯಾಮ್ಯುಯೆಲ್ ರೋಸೆನ್‌ಮನ್

ಗ್ರೂಪ್ ಪ್ರಾಜೆಕ್ಟ್ ಮಾಡಿದವರಿಗೆಲ್ಲ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತೆ. ರಾತ್ರಿಯೆಲ್ಲ ಕೂತು ರಿಪೋರ್ಟ್ ಬರೆಯೋನು ಒಬ್ಬ, ಬೆಳಗ್ಗೆ ಸ್ಟೇಜ್ ಮೇಲೆ ನಿಂತು ಚಪ್ಪಾಳೆ ಗಿಟ್ಟಿಸೋನು ಇನ್ನೊಬ್ಬ. ಇತಿಹಾಸದ ಪುಸ್ತಕದಲ್ಲಿ ನಮಗೆ ಸಿಗೋದು ಈ ಎರಡನೆಯವನ ಹೆಸರು. ಈ ಲೇಖನ ಮೊದಲನೆಯವನ ಬಗ್ಗೆ.

ಅಮೆರಿಕಾದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹೆಸರು ಕೇಳದವರು ಕಡಿಮೆ. ಪೋಲಿಯೋದಿಂದ ಕಾಲಿನ ಶಕ್ತಿ ಕಳೆದುಕೊಂಡರೂ ನಾಲ್ಕು ಸಲ ಅಧ್ಯಕ್ಷ ಚುನಾವಣೆ ಗೆದ್ದವರು. 1929ರ ಕುಸಿತದಿಂದ ನೆಲಕಚ್ಚಿದ್ದ ದೇಶಕ್ಕೆ ರೇಡಿಯೋ ಮುಂದೆ ಕೂತು ಧೈರ್ಯ ಹೇಳಿದವರು. ಅವರ ಭಾಷಣಗಳನ್ನು ಇವತ್ತಿಗೂ ಓದುತ್ತಾರೆ. ಆದರೆ ಆ ಭಾಷಣಗಳ ಕರಡು ತಯಾರಾಗುತ್ತಿದ್ದ ಮೇಜಿನ ಮುಂದೆ 1928ರಿಂದ 1945ರವರೆಗೆ, ನಡುವೆ ಮೂರು ವರ್ಷ ಬಿಟ್ಟರೆ, ಸದಾ ಕೂತಿರುತ್ತಿದ್ದ ಒಬ್ಬ ಯಹೂದಿ ವಕೀಲರಿದ್ದರು. ಅವರೇ ಸ್ಯಾಮ್ಯುಯೆಲ್ ರೋಸೆನ್‌ಮನ್. ವಕೀಲ, ಶಾಸಕ, ನ್ಯಾಯಾಧೀಶ, ಅಧ್ಯಕ್ಷರ ಕಾನೂನು ಸಲಹೆಗಾರ, ಎಲ್ಲವೂ ಆಗಿದ್ದವರು. ರೂಸ್‌ವೆಲ್ಟ್ ಅವರನ್ನ ಪ್ರೀತಿಯಿಂದ ಕರೀತಿದ್ದದ್ದು ಸ್ಯಾಮಿ ದ ರೋಸ್ ಅಂತ.

ರೋಸೆನ್‌ಮನ್ ಹುಟ್ಟಿದ್ದು 1896ರ ಫೆಬ್ರವರಿ 13ರಂದು, ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೋದಲ್ಲಿ. ಅಪ್ಪ ಅಮ್ಮ ಇಬ್ಬರೂ ರಷ್ಯಾ ಸಾಮ್ರಾಜ್ಯದಿಂದ ವಲಸೆ ಬಂದ ಯಹೂದಿಗಳು. ಹುಡುಗ ಇನ್ನೂ ಚಿಕ್ಕವನಿದ್ದಾಗಲೇ ಮನೆಯವರು ನ್ಯೂಯಾರ್ಕ್‌ಗೆ ಬಂದರು. ಕೊಲಂಬಿಯಾ ಕಾಲೇಜಿನಲ್ಲಿ 1915ಕ್ಕೆ ಪದವಿ. ನಡುವೆ ಮೊದಲ ಮಹಾಯುದ್ಧ ಬಂತು, ಸೈನ್ಯಕ್ಕೆ ಸೇರಿದರು. ವಾಪಸ್ ಬಂದು 1919ರಲ್ಲಿ ಕೊಲಂಬಿಯಾದಲ್ಲೇ ಕಾನೂನು ಪದವಿ ಮುಗಿಸಿದರು. ವಲಸೆ ಬಂದವರ ಮಗನಿಗೆ ಆ ಕಾಲದ ನ್ಯೂಯಾರ್ಕ್‌ನಲ್ಲಿ ಮೇಲೆ ಬರೋಕೆ ಇದ್ದ ಎರಡು ದಾರಿ ಓದು ಮತ್ತು ರಾಜಕೀಯ. ಇವರು ಎರಡನ್ನೂ ಹಿಡಿದರು.

1921ರ ಚುನಾವಣೆಯಲ್ಲಿ ಗೆದ್ದು, 25 ವರ್ಷ ವಯಸ್ಸಿಗೇ ನ್ಯೂಯಾರ್ಕ್ ರಾಜ್ಯದ ಅಸೆಂಬ್ಲಿಗೆ ಆಯ್ಕೆಯಾದರು. ಆಗ ಅಲ್ಲಿ ಶಾಸಕರ ಅವಧಿ ಬರೀ ಒಂದು ವರ್ಷ. ಅಂದ್ರೆ ಪ್ರತಿ ವರ್ಷವೂ ಎಲೆಕ್ಷನ್! 1922ರಿಂದ 1926ರವರೆಗೆ ಹೀಗೆ ಐದು ವರ್ಷ ಶಾಸಕರಾಗಿದ್ದರು. ಆಮೇಲೆ ಅವರಿಗೆ ಸಿಕ್ಕ ಕೆಲಸ ಸ್ವಲ್ಪ ವಿಚಿತ್ರವಾದದ್ದು, ಶಾಸನಸಭೆಯ ಮಸೂದೆಗಳ ಕರಡು ಬರೆಯುವ ಕಮಿಷನರ್ ಹುದ್ದೆ. ಯಾವ ಪಕ್ಷದ ಶಾಸಕರೇ ಆಗಲಿ, ನನಗೆ ಇಂಥ ಕಾನೂನು ಬೇಕು ಅಂತ ಬಾಯಲ್ಲಿ ಹೇಳಿದರೆ, ಅದನ್ನ ಕೋರ್ಟಿನಲ್ಲಿ ನಿಲ್ಲುವಂಥ ಭಾಷೆಗೆ ಇಳಿಸಿ ಕೊಡಬೇಕು. ತನ್ನ ಅಭಿಪ್ರಾಯ ಏನೇ ಇರಲಿ, ಮಾತು ಮಾತ್ರ ಇನ್ನೊಬ್ಬರದ್ದು. ಮುಂದೆ ಅವರ ಇಡೀ ಬದುಕಿಗೆ ಇದೇ ತಾಲೀಮು ಆಯಿತು ಅನ್ನಬಹುದು.

1928ರಲ್ಲಿ ರೂಸ್‌ವೆಲ್ಟ್ ನ್ಯೂಯಾರ್ಕ್ ಗವರ್ನರ್ ಸ್ಥಾನಕ್ಕೆ ನಿಂತರು. ಅಷ್ಟು ಹೊತ್ತಿಗೆ ಅವರು ರಾಜ್ಯದ ರಾಜಕೀಯದಿಂದ ದೂರ ಉಳಿದು ಎಷ್ಟೋ ವರ್ಷವಾಗಿತ್ತು. ಕಾರ್ಮಿಕರ ಕಾನೂನು ಎಲ್ಲಿಗೆ ಬಂದಿದೆ, ಯಾವ ಮಸೂದೆಗೆ ಯಾವ ಪಕ್ಷ ಅಡ್ಡಗಾಲು ಹಾಕಿತ್ತು, ಇದನ್ನೆಲ್ಲ ಹೇಳಿಕೊಡೋಕೆ ಒಬ್ಬರು ಬೇಕಿತ್ತು. ಪಕ್ಷದವರು ರೋಸೆನ್‌ಮನ್‌ರನ್ನ ಕಳಿಸಿದರು. ಅವರು ಒಂದೊಂದು ವಿಷಯಕ್ಕೆ ಒಂದೊಂದು ಲಕೋಟೆ ಮಾಡಿ, ಕಾಗದಗಳನ್ನೆಲ್ಲ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಪ್ರಚಾರಕ್ಕೆ ಹೊರಟರು. ಊರಿಂದ ಊರಿಗೆ ಪ್ರಯಾಣ, ರಾತ್ರಿ ಮಾರನೇ ದಿನದ ಭಾಷಣದ ಕರಡು. ರೂಸ್‌ವೆಲ್ಟ್ ಸುಮಾರು 25 ಸಾವಿರ ಮತಗಳ ಅಂತರದಿಂದ ಗೆದ್ದರು. 40 ಲಕ್ಷಕ್ಕಿಂತ ಹೆಚ್ಚು ಜನ ಮತ ಹಾಕಿದ್ದ ರಾಜ್ಯದಲ್ಲಿ ಇದು ಕೂದಲೆಳೆಯ ಗೆಲುವು. ಗೆದ್ದ ಗವರ್ನರ್ ತಮ್ಮ ಕಾನೂನು ಸಲಹೆಗಾರನಾಗಿ ಆರಿಸಿಕೊಂಡಿದ್ದು ಈ ಸೂಟ್‌ಕೇಸಿನ ವಕೀಲರನ್ನೇ.

ಮುಂದಿನ ವರ್ಷವೇ ಷೇರುಪೇಟೆ ಕುಸಿಯಿತು. ಬ್ಯಾಂಕುಗಳು ಬಾಗಿಲು ಹಾಕಿದವು, ಕಾರ್ಖಾನೆಗಳು ನಿಂತವು, ಊಟಕ್ಕೆ ಜನ ಸಾಲು ನಿಂತರು. 1931ರಲ್ಲಿ ನ್ಯೂಯಾರ್ಕ್ ರಾಜ್ಯ ನಿರುದ್ಯೋಗಿಗಳ ಪರಿಹಾರಕ್ಕೆ ಅಂತಲೇ 2 ಕೋಟಿ ಡಾಲರ್ ತೆಗೆದಿಟ್ಟು ಒಂದು ಸಂಸ್ಥೆ ಕಟ್ಟಿತು. ಕೆಲಸ ಕಳೆದುಕೊಂಡವನನ್ನ ನೋಡಿಕೊಳ್ಳೋದು ದಾನಧರ್ಮ ಅಲ್ಲ, ಸರ್ಕಾರದ ಕರ್ತವ್ಯ ಅನ್ನೋದು ಆಗ ಹೊಸ ಮಾತು. ರೂಸ್‌ವೆಲ್ಟ್ ಮುಂದೆ ಇಡೀ ದೇಶಕ್ಕೆ ಮಾಡಿದ್ದರ ಸಣ್ಣ ಮಾದರಿ ಇಲ್ಲೇ ತಯಾರಾಗಿತ್ತು.

1932ರ ಮಾರ್ಚ್‌ನಲ್ಲಿ ರೋಸೆನ್‌ಮನ್ ಗವರ್ನರ್‌ಗೆ ಒಂದು ಸಲಹೆ ಕೊಟ್ಟರು. ಅಧ್ಯಕ್ಷ ಚುನಾವಣೆಗೆ ನಿಲ್ಲೋದಾದರೆ ಉದ್ಯಮಿಗಳನ್ನೂ ಹಳೇ ರಾಜಕಾರಣಿಗಳನ್ನೂ ಕೇಳಿ ಪ್ರಯೋಜನ ಇಲ್ಲ, ಈ ಕುಸಿತಕ್ಕೆ ಅವರ ಹತ್ತಿರ ಉತ್ತರ ಇದ್ದಿದ್ರೆ ಇಷ್ಟೊತ್ತಿಗೆ ಕೊಡ್ತಿದ್ರು, ಅದಕ್ಕೇ ವಿಶ್ವವಿದ್ಯಾಲಯದ ಕಡೆ ಹೋಗೋಣ ಅಂತ. ಹಾಗೆ ಬಂದವರು ಕೊಲಂಬಿಯಾದ ಮೂವರು ಮೇಷ್ಟ್ರುಗಳು: ರೇಮಂಡ್ ಮೋಲಿ, ರೆಕ್ಸ್‌ಫರ್ಡ್ ಟಗ್‌ವೆಲ್, ಅಡಾಲ್ಫ್ ಬರ್ಲ್. ಪತ್ರಿಕೆಗಳು ಇವರ ಗುಂಪಿಗೆ ಬ್ರೇನ್ ಟ್ರಸ್ಟ್ ಅಂತ ಹೆಸರಿಟ್ಟವು. ಸರ್ಕಾರ ನಡೆಸೋರು ಪ್ರೊಫೆಸರ್‌ಗಳನ್ನ ಕರೆದು ಕೂರಿಸಿಕೊಳ್ಳೋದು ಈಗ ಮಾಮೂಲು. ಆಗ ಅದು ಸುದ್ದಿಯಾಗುವಂಥ ವಿಷಯ.

ಅದೇ ವರ್ಷ ಜುಲೈ 1ರ ರಾತ್ರಿ ಶಿಕಾಗೋದಲ್ಲಿ ನಡೆಯುತ್ತಿದ್ದ ಪಕ್ಷದ ಅಧಿವೇಶನ ನಾಲ್ಕನೇ ಸುತ್ತಿನ ಮತದಾನದಲ್ಲಿ ರೂಸ್‌ವೆಲ್ಟ್‌ರನ್ನು ಅಭ್ಯರ್ಥಿಯಾಗಿ ಆರಿಸಿತು. ಅದಕ್ಕೂ ಹಿಂದಿನ ರಾತ್ರಿ ಮೊದಲ ಮೂರು ಸುತ್ತು ನಡೆಯುತ್ತಿದ್ದಾಗ, ಆಲ್ಬನಿಯ ಗವರ್ನರ್ ಮನೆಯಲ್ಲಿ ಎಲ್ಲರೂ ರೇಡಿಯೋಗೆ ಕಿವಿ ಕೊಟ್ಟು ಕೂತಿದ್ದರು. ರೋಸೆನ್‌ಮನ್ ಮಾತ್ರ ಹಾಟ್ ಡಾಗ್ ಮತ್ತು ಕಾಫಿ ಇಟ್ಕೊಂಡು ಒಂದು ಮೂಲೆ ಸೇರಿದರು. ಗೆದ್ದರೆ ಮಾಡಬೇಕಾದ ಭಾಷಣಕ್ಕೆ ಕೊನೆಯ ಭಾಗ ಇನ್ನೂ ಬರೆದಾಗಿರಲಿಲ್ಲ. ಆ ರಾತ್ರಿ ಅವರು ಬರೆದ ಕೆಲವು ಸಾಲುಗಳಲ್ಲಿ ನ್ಯೂ ಡೀಲ್ ಅನ್ನೋ ಎರಡು ಪದ ಇದ್ದವು. ಅಭ್ಯರ್ಥಿ ಮನೆಯಲ್ಲೇ ಕೂತು ಪಕ್ಷದವರು ಬಂದು ಹೇಳೋವರೆಗೆ ಕಾಯೋದು ಆಗಿನ ಸಂಪ್ರದಾಯ. ಅದನ್ನ ಮುರಿದು ಜುಲೈ 2ರಂದು ರೂಸ್‌ವೆಲ್ಟ್ ವಿಮಾನ ಹತ್ತಿ ಶಿಕಾಗೋಗೆ ಹೋದರು. ರೋಸೆನ್‌ಮನ್ ಅದೇ ವಿಮಾನದಲ್ಲಿದ್ದರು, ದಾರಿಯುದ್ದಕ್ಕೂ ಭಾಷಣಕ್ಕೆ ಕತ್ತರಿ ಹಾಕುತ್ತ.

ಆ ಎರಡು ಪದ ಬರೆದಾಗ ಅವು ಇಷ್ಟು ದೊಡ್ಡದಾಗಿ ಬೆಳೆಯುತ್ತವೆ ಅಂತ ಅವರಿಗೇ ಅನಿಸಿರಲಿಲ್ಲವಂತೆ. ರೋಲಿನ್ ಕಿರ್ಬಿ ಅನ್ನೋ ವ್ಯಂಗ್ಯಚಿತ್ರಕಾರ ಅವನ್ನಿಟ್ಟುಕೊಂಡು ಒಂದು ಕಾರ್ಟೂನ್ ಬರೆದರು. ಅಲ್ಲಿಂದ ಅದು ಒಂದು ಕಾಲಘಟ್ಟದ ಹೆಸರೇ ಆಗಿಹೋಯಿತು. ಆ ಪದ ಮೊದಲು ನನ್ನ ಟಿಪ್ಪಣಿಯಲ್ಲಿತ್ತು ಅಂತ ಮೋಲಿ ಆಮೇಲೆ ವಾದ ಹೂಡಿದ್ದೂ ಉಂಟು. ಭಾಷಣ ಬರೆಯೋರ ಬದುಕೇ ಹಂಗೆ. ಪದ ಊರಿಗೆಲ್ಲ ಗೊತ್ತು, ಬರೆದವರು ಯಾರು ಅನ್ನೋದು ಮಾತ್ರ ಜಗಳ.

ಅಧ್ಯಕ್ಷರ ಜೊತೆ ವಾಷಿಂಗ್ಟನ್‌ಗೆ ಹೋಗಬಹುದಿತ್ತು. ರೋಸೆನ್‌ಮನ್ ಹೋಗಲಿಲ್ಲ. 1932ರಲ್ಲೇ ಗವರ್ನರ್ ಅವರನ್ನ ನ್ಯೂಯಾರ್ಕ್ ರಾಜ್ಯದ ಸುಪ್ರೀಂ ಕೋರ್ಟಿಗೆ ನ್ಯಾಯಾಧೀಶರಾಗಿ ನೇಮಿಸಿದ್ದರು. ಹೆಸರು ಕೇಳಿ ಮೋಸ ಹೋಗಬೇಡಿ. ನ್ಯೂಯಾರ್ಕ್‌ನಲ್ಲಿ ಸುಪ್ರೀಂ ಕೋರ್ಟ್ ಅಂದ್ರೆ ಎಲ್ಲಕ್ಕಿಂತ ಮೇಲಿನ ಕೋರ್ಟ್ ಅಲ್ಲ, ದೊಡ್ಡ ಮೊಕದ್ದಮೆಗಳ ವಿಚಾರಣೆ ಶುರುವಾಗುವ ಕೋರ್ಟು. ಅಲ್ಲಿ ಉಳಿಯಬೇಕಾದರೆ ಚುನಾವಣೆ ಗೆಲ್ಲಬೇಕು, ಗೆಲ್ಲೋಕೆ ನಗರದ ಡೆಮಾಕ್ರಟಿಕ್ ಪಕ್ಷವನ್ನ ಕೈಯಲ್ಲಿಟ್ಟುಕೊಂಡಿದ್ದ ಟ್ಯಾಮನಿ ಹಾಲ್ ಬಣದ ಟಿಕೆಟ್ ಬೇಕು. ಅದೇ ಹೊತ್ತಿಗೆ ನ್ಯೂಯಾರ್ಕ್ ಮೇಯರ್ ಜಿಮ್ಮಿ ವಾಕರ್ ಮೇಲಿನ ಭ್ರಷ್ಟಾಚಾರದ ಆರೋಪಗಳನ್ನ ರೂಸ್‌ವೆಲ್ಟ್ ತಾವೇ ವಿಚಾರಣೆಗೆ ತೆಗೆದುಕೊಂಡಿದ್ದರು. ಸೆಪ್ಟೆಂಬರ್ 1ಕ್ಕೆ ವಾಕರ್ ರಾಜೀನಾಮೆ ಕೊಟ್ಟರು. ಟ್ಯಾಮನಿಯ ಸಿಟ್ಟು ಗವರ್ನರ್ ಮೇಲೆ, ಬಿದ್ದಿದ್ದು ಅವರ ಆಪ್ತನ ತಲೆ ಮೇಲೆ. ರೋಸೆನ್‌ಮನ್‌ಗೆ ಟಿಕೆಟ್ ಸಿಗಲಿಲ್ಲ. ಮಾರನೇ ವರ್ಷ ಹೊಸ ಗವರ್ನರ್ ಹರ್ಬರ್ಟ್ ಲೀಮನ್ ಮತ್ತೆ ನೇಮಿಸಿದರು. ಆಮೇಲೆ 14 ವರ್ಷದ ಪೂರ್ಣ ಅವಧಿಗೆ ಚುನಾವಣೆಯಲ್ಲೂ ಗೆದ್ದರು.

1936ರಲ್ಲಿ ರೂಸ್‌ವೆಲ್ಟ್ ಮತ್ತೆ ಕರೆದರು. ಆಗಿನ ಒಂದು ಪ್ರಸಂಗ ತಮಾಷೆಯಾಗಿದೆ. 1932ರ ಪ್ರಚಾರದಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ರೂಸ್‌ವೆಲ್ಟ್ ಸರ್ಕಾರದ ಖರ್ಚು ಗಟ್ಟಿಯಾಗಿ ಕಡಿತ ಮಾಡ್ತೀನಿ ಅಂತ ಮಾತು ಕೊಟ್ಟಿದ್ದರು. ಆದರೆ ನಾಲ್ಕು ವರ್ಷದಲ್ಲಿ ಖರ್ಚು ಏರಿತ್ತು. ಈಗ ಅದೇ ಪಿಟ್ಸ್‌ಬರ್ಗ್‌ನಲ್ಲಿ ಮಾತಾಡಬೇಕು. ಹಳೇ ಭಾಷಣಕ್ಕೆ ಏನಾದರೂ ಒಳ್ಳೇ ಸಮಜಾಯಿಷಿ ಹುಡುಕು ಅಂತ ಅಧ್ಯಕ್ಷರು ಕೇಳಿದರು. ರೋಸೆನ್‌ಮನ್ ಯೋಚನೆ ಮಾಡಿ ಬಂದು ಹೇಳಿದ್ದು ಇಷ್ಟೇ: ಆ ಭಾಷಣ ಮಾಡೇ ಇಲ್ಲ ಅಂತ ಸಾಧಿಸೋದೊಂದೇ ದಾರಿ!

ಅಲ್ಲಿಂದ ಅವರ ಬದುಕು ಎರಡು ದೋಣಿಯ ಮೇಲೆ ಕಾಲಿಟ್ಟಂತೆ ಆಯಿತು. ವಾರದ ದಿನಗಳಲ್ಲಿ ನ್ಯೂಯಾರ್ಕ್‌ನಲ್ಲಿ ನ್ಯಾಯಾಧೀಶರು, ಬಿಡುವು ಸಿಕ್ಕಾಗಲೆಲ್ಲ ರೈಲು ಹತ್ತಿ ವಾಷಿಂಗ್ಟನ್‌ನಲ್ಲಿ ಭಾಷಣದ ಕರಡು. 1940ರಿಂದ ನಾಟಕಕಾರ ರಾಬರ್ಟ್ ಶೆರ್‌ವುಡ್, ಅಧ್ಯಕ್ಷರ ಆಪ್ತ ಹ್ಯಾರಿ ಹಾಪ್ಕಿನ್ಸ್ ಜೊತೆಯಾದರು. ಮೂವರೂ ಸೇರಿ ರಾತ್ರಿಯೆಲ್ಲ ಬರೆಯೋರು. ರೂಸ್‌ವೆಲ್ಟ್ ಓದಿ, ಹೊಡೆದುಹಾಕಿ, ಹೊಸದಾಗಿ ಹೇಳಿ ಬರೆಸೋರು. ಮತ್ತೆ ಕರಡು. ಒಂದೊಂದು ಭಾಷಣಕ್ಕೆ ಏಳು, ಎಂಟು, ಹತ್ತು ಸಲ ಹೀಗೆ ಆಗುತ್ತಿತ್ತು. 1941ರ ಜನವರಿಯಲ್ಲಿ ರೂಸ್‌ವೆಲ್ಟ್ ಹೇಳಿದ ನಾಲ್ಕು ಸ್ವಾತಂತ್ರ್ಯಗಳ ಮಾತು ಪ್ರಸಿದ್ಧ. ಅದನ್ನ ನಾವ್ಯಾರೂ ಬರೆದದ್ದಲ್ಲ, ಅಧ್ಯಕ್ಷರೇ ತಲೆ ಮೇಲೆತ್ತಿ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಬರೆಸಿದ್ದು ಅಂತ ರೋಸೆನ್‌ಮನ್ ನಂತರ ದಾಖಲಿಸಿದರು. ಸಿಗಬಹುದಿದ್ದ ಹೆಸರನ್ನ ಬಿಟ್ಟುಕೊಟ್ಟ ಪ್ರಾಮಾಣಿಕತೆ ಅದು.

ಹಾಲಿ ನ್ಯಾಯಾಧೀಶರೊಬ್ಬರು ಅಧ್ಯಕ್ಷರ ಚುನಾವಣಾ ಭಾಷಣ ಬರೆಯೋದು ಸರಿಯಾ? ಇವತ್ತಿನ ಕಣ್ಣಲ್ಲಿ ನೋಡಿದರೆ ಖಂಡಿತ ಸರಿ ಅನ್ನಿಸಲ್ಲ. ಕೊನೆಗೆ ಆ ಪ್ರಶ್ನೆಯನ್ನ ಬಗೆಹರಿಸಿದ್ದು ಅವರ ದೇಹ. 1943ರಲ್ಲಿ ಎರಡೂ ಕೆಲಸದ ಒತ್ತಡಕ್ಕೆ ಕಣ್ಣು ಹೋಗುವ ಸ್ಥಿತಿ ಬಂದು ಆಸ್ಪತ್ರೆ ಸೇರಿದರು. ಒಂದನ್ನ ಬಿಡಲೇಬೇಕಾಯಿತು. ಬಿಟ್ಟಿದ್ದು ನ್ಯಾಯಪೀಠವನ್ನ. ಶ್ವೇತಭವನದಲ್ಲಿ ಅಧ್ಯಕ್ಷರ ವಿಶೇಷ ಕಾನೂನು ಸಲಹೆಗಾರ ಅನ್ನೋ ಹೊಸ ಹುದ್ದೆಗೆ ಬಂದರು. ಇವತ್ತು ಶ್ವೇತಭವನದ ಕೌನ್ಸೆಲ್ ಅಂತ ಕರೆಯೋ ಹುದ್ದೆಯಲ್ಲಿ ಕೂತ ಮೊದಲನೆಯವರು ಇವರೇ.

ಇಲ್ಲಿವರೆಗಿನ ಕಥೆ ಓದಿದರೆ ಇದೊಂದು ಗೆಲುವಿನ ಕಥೆ. ಆದರೆ ಅದೇ ವರ್ಷಗಳಲ್ಲಿ ಯೂರೋಪಿನಲ್ಲಿ ಏನು ನಡೀತಿತ್ತು ಅನ್ನೋದು ನಮಗೆಲ್ಲ ಗೊತ್ತು.

1938ರ ನವೆಂಬರ್ 9 ಮತ್ತು 10ರಂದು ಜರ್ಮನಿಯ ಉದ್ದಗಲಕ್ಕೂ ಯಹೂದಿಗಳ ಅಂಗಡಿ, ಮನೆ, ಪ್ರಾರ್ಥನಾಮಂದಿರಗಳ ಮೇಲೆ ನಾಜಿಗಳು ದಾಳಿ ಮಾಡಿದರು. ಸಾವಿರಾರು ಜನ ದೇಶ ಬಿಡೋಕೆ ಸಾಲು ನಿಂತರು. ಅಮೆರಿಕಾದ ಕಾನೂನಿನಲ್ಲಿ ಜರ್ಮನಿ ಮತ್ತು ಆಸ್ಟ್ರಿಯಾ ಎರಡೂ ಸೇರಿ ವರ್ಷಕ್ಕೆ 27,370 ಜನಕ್ಕೆ ಮಾತ್ರ ಪ್ರವೇಶ. ಈ ಸಂಖ್ಯೆ ಹೆಚ್ಚಿಸಬೇಕು ಅನ್ನೋ ಮಾತು ಬಂದಾಗ ರೋಸೆನ್‌ಮನ್ ಕೊಟ್ಟ ಸಲಹೆ ಬೇಡ ಅಂತ. ಹೆಚ್ಚು ಯಹೂದಿಗಳು ಬಂದರೆ ಇಲ್ಲೂ ಅವರ ವಿರುದ್ಧ ದ್ವೇಷ ಹೆಚ್ಚುತ್ತೆ ಅನ್ನೋದು ಅವರ ಭಯ. ಆ ಭಯಕ್ಕೆ ಕಾರಣ ಇರಲಿಲ್ಲ ಅಂತಲ್ಲ. ಆಗಿನ ಅಮೆರಿಕಾದಲ್ಲಿ ಯಹೂದಿ ದ್ವೇಷ ಬಹಿರಂಗವಾಗಿತ್ತು. ರೂಸ್‌ವೆಲ್ಟ್ ಸುತ್ತ ಯಹೂದಿಗಳೇ ತುಂಬಿದ್ದಾರೆ ಅನ್ನೋ ಅಪಪ್ರಚಾರದಲ್ಲಿ ರೋಸೆನ್‌ಮನ್ ಹೆಸರೂ ಇರುತ್ತಿತ್ತು.

1943ರ ಅಕ್ಟೋಬರ್ 6ರಂದು ಸುಮಾರು 400 ಯಹೂದಿ ಧರ್ಮಗುರುಗಳು ವಾಷಿಂಗ್ಟನ್‌ನ ಬೀದಿಯಲ್ಲಿ ಮೆರವಣಿಗೆ ಬಂದರು. ಉದ್ದ ಗಡ್ಡ, ಕಪ್ಪು ಅಂಗಿಯ ಸಂಪ್ರದಾಯಸ್ಥರು. ಅವರ ಅತಿ ಪವಿತ್ರ ಉಪವಾಸದ ದಿನ ಯೋಮ್ ಕಿಪ್ಪುರ್‌ಗೆ ಮೂರೇ ದಿನ ಬಾಕಿ. ಉಳಿದಿರುವವರನ್ನಾದರೂ ಉಳಿಸಿ ಅಂತ ಅಧ್ಯಕ್ಷರನ್ನ ಕೇಳೋದು ಅವರ ಉದ್ದೇಶ. ಭೇಟಿ ಮಾಡಬೇಡಿ ಅಂತ ಅಧ್ಯಕ್ಷರಿಗೆ ಹೇಳಿದವರಲ್ಲಿ ರೋಸೆನ್‌ಮನ್ ಒಬ್ಬರು. ಧರ್ಮಗುರುಗಳನ್ನ ಮಾತಾಡಿಸಿದ್ದು ಉಪಾಧ್ಯಕ್ಷ ಹೆನ್ರಿ ವಾಲೆಸ್. ರೂಸ್‌ವೆಲ್ಟ್ ಆ ಮಧ್ಯಾಹ್ನ ಬೇರೊಂದು ಕಾರ್ಯಕ್ರಮಕ್ಕೆ ಹೋದರು.

ಇದರ ಪಕ್ಕಕ್ಕೆ ಇನ್ನೊಬ್ಬರನ್ನ ಇಟ್ಟು ನೋಡಬೇಕು. ಖಜಾನೆ ಇಲಾಖೆಯ ಮುಖ್ಯಸ್ಥ ಹೆನ್ರಿ ಮಾರ್ಗೆಂಥಾವ್ ಕೂಡ ಯಹೂದಿ, ಅವರೂ ಅಧ್ಯಕ್ಷರ ಹಳೇ ಗೆಳೆಯರು. ನಿರಾಶ್ರಿತರ ನೆರವಿಗೆ ವಿದೇಶಾಂಗ ಇಲಾಖೆಯೇ ಅಡ್ಡಿ ಮಾಡ್ತಿದೆ ಅಂತ ಅವರ ಕೈಕೆಳಗಿನ ಯುವ ವಕೀಲರು ದಾಖಲೆ ಸಮೇತ ವರದಿ ಬರೆದರು. 1944ರ ಜನವರಿ 16ರಂದು ಮಾರ್ಗೆಂಥಾವ್ ಅದನ್ನ ಹಿಡಿದುಕೊಂಡು ನೇರ ರೂಸ್‌ವೆಲ್ಟ್ ಮುಂದೆ ಕೂತರು. ಆರೇ ದಿನದಲ್ಲಿ ಯುದ್ಧ ನಿರಾಶ್ರಿತರ ಮಂಡಳಿ ಹುಟ್ಟಿತು. ತಡವಾಗಿ ಬಂದರೂ ಆ ಮಂಡಳಿಯಿಂದ ಹತ್ತಾರು ಸಾವಿರ ಜೀವ ಉಳಿದವು. ಅದೇ ಮಾರ್ಚ್‌ನಲ್ಲಿ ಯಹೂದಿಗಳ ಹತ್ಯೆಯನ್ನ ಖಂಡಿಸುವ ಅಧ್ಯಕ್ಷರ ಹೇಳಿಕೆಯ ಕರಡು ಮಂಡಳಿಯಿಂದ ಬಂದಾಗ, ಅದು ಯಹೂದಿಗಳ ಬಗ್ಗೆಯೇ ಹೆಚ್ಚು ಒತ್ತು ಕೊಡುತ್ತೆ ಅಂತ ರೋಸೆನ್‌ಮನ್ ಅದನ್ನ ತಿದ್ದಿದರು. ಬೇರೆ ದೇಶಗಳ ಜನರ ಸಂಕಟ ಮೊದಲು ಬಂತು, ಯಹೂದಿಗಳ ಮಾತು ಕೆಳಗೆ ಹೋಯಿತು.

ನನಗೆ ರೋಸೆನ್‌ಮನ್ ಬದುಕಿನಲ್ಲಿ ಎಲ್ಲಕ್ಕಿಂತ ಕಾಡೋದು ಇದು. ಯಾವ ಮಾತನ್ನ ಜನ ಒಪ್ತಾರೆ, ಯಾವುದಕ್ಕೆ ಸಿಡಿಮಿಡಿ ಮಾಡ್ತಾರೆ ಅನ್ನೋದು ಅವರಿಗೆ ಕರತಲಾಮಲಕ. ಅದೇ ಅವರ ಪ್ರತಿಭೆ. ಕೆಲಸ ಕಳೆದುಕೊಂಡವರ ಪರವಾಗಿ ಮಾತು ಹುಡುಕುವಾಗ ಆ ಪ್ರತಿಭೆ ದೇಶಕ್ಕೇ ಧೈರ್ಯ ಕೊಟ್ಟಿತು. ತನ್ನವರ ಜೀವದ ಪ್ರಶ್ನೆ ಬಂದಾಗ ಅದೇ ಪ್ರತಿಭೆ ಅವರನ್ನ ಹಿಂದಕ್ಕೆ ಎಳೆಯಿತು. ಜನ ಏನಂದುಕೊಳ್ತಾರೆ ಅನ್ನೋ ಲೆಕ್ಕಾಚಾರ ಒಳ್ಳೇ ಭಾಷಣ ಬರೆಸಬಲ್ಲದು. ಯಾರೂ ಕೇಳೋಕೆ ತಯಾರಿಲ್ಲದ ಮಾತನ್ನ ಹೇಳಿಸಲಾರದು. ಅವರೊಬ್ಬರೇ ಬೇರೆ ಸಲಹೆ ಕೊಟ್ಟಿದ್ದರೆ ಎಲ್ಲ ಬದಲಾಗಿಬಿಡುತ್ತಿತ್ತು ಅಂತಲ್ಲ, ನಿರ್ಧಾರ ರೂಸ್‌ವೆಲ್ಟ್ ಅವರದ್ದು. ಆದರೆ ಆ ಕೋಣೆಯ ಒಳಗೆ ಹೋಗೋಕೆ ಅವಕಾಶ ಇದ್ದ ಕೆಲವೇ ಯಹೂದಿಗಳಲ್ಲಿ ಅವರೊಬ್ಬರು.

ಯುದ್ಧದ ಕೊನೆಯಲ್ಲಿ ಅವರಿಗೆ ಇನ್ನೊಂದು ಕೆಲಸ ಬಂತು. 1945ರ ಏಪ್ರಿಲ್‌ನಲ್ಲಿ ನಾಜಿ ನಾಯಕರನ್ನ ಏನು ಮಾಡಬೇಕು ಅಂತ ಬ್ರಿಟಿಷರ ಜೊತೆ ಮಾತಾಡೋಕೆ ಲಂಡನ್ನಿನಲ್ಲಿದ್ದರು. ಚರ್ಚಿಲ್ ಸರ್ಕಾರದ ನಿಲುವು, ಪ್ರಮುಖರನ್ನ ವಿಚಾರಣೆಯಿಲ್ಲದೆ ಗುಂಡಿಕ್ಕಿ ಮುಗಿಸಿಬಿಡೋದು ಅಂತ. ಅಮೆರಿಕಾ ಹೇಳಿದ್ದು ವಿಚಾರಣೆ ಆಗಲೇಬೇಕು, ಸಾಕ್ಷ್ಯ ದಾಖಲಾಗಬೇಕು ಅಂತ. ಈ ವಾದ ನಡೆಯುತ್ತಿದ್ದಾಗಲೇ ಏಪ್ರಿಲ್ 12ರಂದು ರೂಸ್‌ವೆಲ್ಟ್ ತೀರಿಕೊಂಡ ಸುದ್ದಿ ಬಂತು. ಹೊಸ ಅಧ್ಯಕ್ಷ ಹ್ಯಾರಿ ಟ್ರೂಮನ್ ರೋಸೆನ್‌ಮನ್‌ರನ್ನ ಅದೇ ಕೆಲಸದಲ್ಲಿ ಉಳಿಸಿಕೊಂಡರು. ಮೇ ತಿಂಗಳ ಮೊದಲಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ರಿಟನ್, ಸೋವಿಯತ್ ಒಕ್ಕೂಟ ಮತ್ತು ಫ್ರಾನ್ಸಿನ ವಿದೇಶಾಂಗ ಮಂತ್ರಿಗಳ ಮುಂದೆ ಅಂತರರಾಷ್ಟ್ರೀಯ ನ್ಯಾಯಮಂಡಳಿಯ ಅಮೆರಿಕನ್ ಯೋಜನೆ ಇಟ್ಟವರು ರೋಸೆನ್‌ಮನ್. ಅಷ್ಟರಲ್ಲಿ ಹಿಟ್ಲರ್ ಸತ್ತಿದ್ದ. ಬ್ರಿಟಿಷರೂ ಒಪ್ಪಿದರು. ಆಗಸ್ಟ್ 8ಕ್ಕೆ ಲಂಡನ್ನಿನಲ್ಲಿ ಒಪ್ಪಂದ, ನವೆಂಬರ್ 20ಕ್ಕೆ ನ್ಯೂರೆಂಬರ್ಗ್‌ನಲ್ಲಿ ವಿಚಾರಣೆ ಶುರು. ಮುಂದಿನ ವರ್ಷ 22 ಜನರ ಮೇಲೆ ತೀರ್ಪು ಬಂತು: 12 ಜನರಿಗೆ ಮರಣದಂಡನೆ, 7 ಜನರಿಗೆ ಜೈಲು, 3 ಜನ ಖುಲಾಸೆ. ಯಹೂದಿಗಳ ಹತ್ಯಾಕಾಂಡ ನಾಜಿಗಳದ್ದೇ ಕಾಗದಪತ್ರಗಳ ಸಮೇತ ಕೋರ್ಟಿನಲ್ಲಿ ಸಾಬೀತಾಯಿತು. ಗುಂಡಿಕ್ಕಿ ಮುಗಿಸಿದ್ದರೆ ಆ ದಾಖಲೆ ಇರುತ್ತಿರಲಿಲ್ಲ.

ಟ್ರೂಮನ್ ಕಾಲದಲ್ಲಿ ಅವರು ಬರೆದದ್ದೂ ಸಣ್ಣದಲ್ಲ. 1945ರ ಸೆಪ್ಟೆಂಬರ್ 6ರಂದು ಕಾಂಗ್ರೆಸ್‌ಗೆ ಹೋದ 21 ಅಂಶಗಳ ಸಂದೇಶದ ಕರಡು ಅವರದ್ದೇ. ಯುದ್ಧ ಮುಗೀತು, ನ್ಯೂ ಡೀಲ್ ಕೂಡ ಮುಗೀತು ಅಂದುಕೊಂಡವರಿಗೆ ಅದು ಉತ್ತರ. ನವೆಂಬರ್‌ನಲ್ಲಿ ಎಲ್ಲರಿಗೂ ಆರೋಗ್ಯ ವಿಮೆ ಕೇಳಿದ ಸಂದೇಶ ಹೋಯಿತು. ಕಾಂಗ್ರೆಸ್ ಒಪ್ಪಲಿಲ್ಲ. ವಯಸ್ಸಾದವರ ಮಟ್ಟಿಗೆ ಅದು ಮೆಡಿಕೇರ್ ಆಗಿ ಬರೋಕೆ 1965ರವರೆಗೆ ಕಾಯಬೇಕಾಯಿತು.

1946ರ ಆರಂಭದಲ್ಲಿ ಸರ್ಕಾರಿ ಕೆಲಸ ಬಿಟ್ಟು ನ್ಯೂಯಾರ್ಕ್‌ಗೆ ಮರಳಿ ವಕೀಲಿ ಶುರು ಮಾಡಿದರು. ಹೆಂಡತಿ ಡೊರೊಥಿ ವಸತಿ ನೀತಿಯಲ್ಲಿ ತಾವೇ ಹೆಸರು ಮಾಡಿದವರು. ರೂಸ್‌ವೆಲ್ಟ್ ಅವರ ಭಾಷಣ ಮತ್ತು ದಾಖಲೆಗಳನ್ನ ರೋಸೆನ್‌ಮನ್ 13 ಸಂಪುಟಗಳಲ್ಲಿ ಸಂಪಾದಿಸಿದರು, 1950ಕ್ಕೆ ಆ ಕೆಲಸ ಮುಗಿಯಿತು. 1952ರಲ್ಲಿ ರೂಸ್‌ವೆಲ್ಟ್ ಜೊತೆಗಿನ ದಿನಗಳ ಬಗ್ಗೆ ಪುಸ್ತಕ ಬರೆದರು. 1964ರಿಂದ 1966ರವರೆಗೆ ನ್ಯೂಯಾರ್ಕ್ ನಗರದ ವಕೀಲರ ಸಂಘದ ಅಧ್ಯಕ್ಷರಾಗಿದ್ದರು. 1973ರ ಜೂನ್ 24ರಂದು, 77ನೇ ವಯಸ್ಸಿನಲ್ಲಿ ತೀರಿಕೊಂಡರು.

ರೋಸೆನ್‌ಮನ್‌ರನ್ನ ಹೀರೋ ಅಂತ ಕರೆಯೋದೂ ಸುಲಭ, ಹೇಡಿ ಅಂತ ಕರೆಯೋದೂ ಸುಲಭ. ಎರಡೂ ಅರ್ಧ ಸತ್ಯ. ಶಿಕಾಗೋ ಭಾಷಣ ಬರೆದ ಕೈಯೇ 1944ರ ಹೇಳಿಕೆಯನ್ನ ತಿದ್ದಿತು, ಅದೇ ಮನುಷ್ಯ ನ್ಯೂರೆಂಬರ್ಗ್‌ನ ಯೋಜನೆಯನ್ನ ಮೇಜಿನ ಮೇಲಿಟ್ಟರು. ಮುಂದೆ ನಮ್ಮಲ್ಲೂ ಎಷ್ಟೋ ಜನ ದೊಡ್ಡವರ ಪಕ್ಕದ ಕುರ್ಚಿಯಲ್ಲಿ ಕೂರುತ್ತೇವೆ, ಅವರಿಗಾಗಿ ರಿಪೋರ್ಟ್ ಬರೆಯುತ್ತೇವೆ. ಆಗ ಏನು ಬರೆದೆವು ಅನ್ನೋದರ ಜೊತೆಗೆ, ಯಾವ ಸಾಲನ್ನ ನಾವಾಗಿ ನಾವೇ ಹೊಡೆದುಹಾಕಿದೆವು ಅನ್ನೋದೂ ಲೆಕ್ಕಕ್ಕೆ ಬರುತ್ತೆ.